ಅಕ್ಕನ ಕಷಾಯದ ಕಹಿ

ಅಕ್ಕಾ, ನಿನ್ನ ಕಷಾಯದಲ್ಲಿ ನಾನು ಮಾತ್ರೆ ಬೆರೆಸುತ್ತಿದ್ದೆ.

ನೀನು ಬಂದ ಕೂಡಲೇ ಮೊದಲು ಹೇಳಬೇಕಾದದ್ದು ಇದು. ಈಗಷ್ಟೇ ನಿನ್ನ ಮಗ ಕೊಟ್ರೇಶ ಫೋನ್ ಮಾಡಿದ್ದ. "ಚಿಗವ್ವ, ಡಿಸ್ಚಾರ್ಜ್ ಆತು, ಹೊಸಪೇಟಿ ಬಿಟ್ವಿ." ಹಿಂದಿನಿಂದ ನಿನ್ನ ದನಿ: "ವಾರ್ಡನ್ನಮ್ಮಗ ಹೇಳಲೇ, ಮಂಡಕ್ಕಿ ಒಗ್ಗರಣಿ ಹಾಕಿ ಇಟ್ಟಿರ್ಲಿ, ಮೆಣಸಿನಕಾಯಿನೂ ಇರ್ಲಿ!" ಅಷ್ಟು ಉದ್ದದ ಮಾತು, ಒಂದೇ ಉಸಿರಿನಲ್ಲಿ, ಕೆಮ್ಮಿಲ್ಲದೆ! ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ನೀನು ಬರುತ್ತಿದ್ದೀಯ — ಬಾಗಿಲಿಗೆ ಬರುವ ಮೊದಲು ಇದನ್ನೆಲ್ಲ ನಾನು ಮನಸ್ಸಿನಲ್ಲೇ ಸರಿಯಾಗಿ ಜೋಡಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಕೆಲಸದಿಂದ ನಿವೃತ್ತಳಾಗಿ ಕೊಟ್ಟೂರಿಗೆ, ನಿನ್ನ ಮನೆಗೆ ಬಂದೆ. ಏಳುವುದು, ಉಣ್ಣುವುದು, ದೀಪ ಆರಿಸುವುದು, ಎಲ್ಲಕ್ಕೂ ವೇಳೆ ಇಟ್ಟೆ. "ಬಂದ್ಲು ನೋಡ್ರಿ, ಇನ್ನ ಮ್ಯಾಲೆ ಉಸಿರಾಡಾಕೂ ಗಂಟಿ ಹೊಡಿತಾಳ" ಎಂದು ನೀನು ಓಣಿಯವರ ಮುಂದೆ ನಗುತ್ತಿದ್ದೆ. ನಗುತ್ತಲೇ ಎಲ್ಲಕ್ಕೂ ಒಪ್ಪಿದೆ. ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಚಳಿಗಾಲದ ಕೆಮ್ಮು ಎದೆಗಿಳಿದರೂ ನೀನು ಗುಳಿಗೆ ಮುಟ್ಟುತ್ತಿರಲಿಲ್ಲ. ಶುಂಠಿ, ಮೆಣಸು, ಬೆಲ್ಲದ ಕಷಾಯ, ಅಷ್ಟೇ. ನನ್ನ ಮಾತು ನಡೆಯದ ಜಾಗವೊಂದು ಇದೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಔಷಧಿ ಅಂಗಡಿಯಿಂದ, ಡಾಕ್ಟರ ಚೀಟಿಯಿಲ್ಲದೆ, ಆಂಟಿಬಯಾಟಿಕ್ ಕ್ಯಾಪ್ಸೂಲ್ ತಂದೆ. ಕಷಾಯ ಕುದಿಸುವವಳು ನೀನು, ಸೋಸಿ ಕೊಡುವವಳು ನಾನು. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನಿನ್ನ ಲೋಟಕ್ಕೆ ಸುರಿದೆ. ಮೊದಲ ಗುಟುಕಿಗೆ ನೀನು ಮುಖ ಸಿಂಡರಿಸಿದಾಗ ಸಿಕ್ಕಿಬಿದ್ದೆ ಎಂದುಕೊಂಡೆ.

"ಬಲು ಕಹಿ ಆಗೇತಿ ಈ ಸಲ. ಇರ್ಲಿ ಬಿಡು, ಕಹಿ ಇದ್ರನ ಕೆಲ್ಸ ಮಾಡೋದು!"

ಕೆಮ್ಮು ಇಳಿಯಿತು. ಇಳಿದ ಕೂಡಲೇ ಬೆರೆಸುವುದನ್ನು ನಿಲ್ಲಿಸಿದೆ. ಉಳಿದ ಕ್ಯಾಪ್ಸೂಲುಗಳನ್ನು ಮುಂದಿನ ಕೆಮ್ಮಿಗೆಂದು ಅರಿಶಿನದ ಡಬ್ಬಿಯ ಹಿಂದೆ ಒಪ್ಪವಾಗಿ ಇಟ್ಟೆ. ಹಾಸ್ಟೆಲ್ಲಿನಲ್ಲಿ ಸೋಪಿನ ಚೂರನ್ನೂ ದಂಡ ಮಾಡಲು ಬಿಡದವಳು — ಇದನ್ನೂ ಅಚ್ಚುಕಟ್ಟು ಎಂದೇ ತಿಳಿದಿದ್ದೆ. ತಾನಾಗಿಯೇ ಇಳಿಯುವ ಕೆಮ್ಮು ಯಾವುದು, ಇಳಿಯದ್ದು ಯಾವುದು, ನನಗೇನು ಗೊತ್ತಿತ್ತು? ಆದರೂ ವರ್ಷ ವರ್ಷ, ಕೆಮ್ಮಿದಾಗಲೆಲ್ಲ...

ಈ ಸಲ ಪುಡಿ ಬೆರೆಸಿದರೂ ಇಳಿಯಲಿಲ್ಲ. ಜ್ವರ, ಏದುಸಿರು. ಹೊಸಪೇಟೆಯ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. "ಇತ್ತೀಚೆಗೆ ಯಾವುದಾದ್ರೂ ಆಂಟಿಬಯಾಟಿಕ್ ತಗೊಂಡಿದ್ರಾ ಅಮ್ಮ?" ಎಂದು ಡಾಕ್ಟರು ಕೇಳಿದರು. ನೀನು ಆಕ್ಸಿಜನ್ ಮಾಸ್ಕ್ ಸರಿಸಿ, "ಗುಳಿಗಿ ನನ್ನ ನಾಲಿಗಿನ ಕಂಡಿಲ್ರಿ" ಎಂದು ಹೆಮ್ಮೆಯಿಂದ ಹೇಳಿ ನನ್ನ ಕಡೆ ನೋಡಿದೆ. "ನೀನರ ಹೇಳಲೇ."

"ಇಲ್ಲ ಸರ್," ಎಂದೆ ನಾನು.

ಬೆರೆಸಿದ್ದಕ್ಕಿಂತ ದೊಡ್ಡ ತಪ್ಪು ಆ ಮಾತು, ಅಕ್ಕಾ. ನಿನ್ನ ಉಸಿರಿಗಿಂತ ನನಗೆ ನಿನ್ನೆದುರಿನ ನನ್ನ ಮಾನ — ಮುಗಿಸಲಾರೆ ಈ ವಾಕ್ಯವನ್ನು.

ಅವರು ಕೊಟ್ಟ ಔಷಧಿ ನಾಟಲಿಲ್ಲ. ಮರುದಿನ ಜ್ವರ ಇನ್ನೂ ಏರಿತು. ನಿನ್ನ ಎದೆ ಏರಿಳಿಯುವುದನ್ನೇ ನೋಡುತ್ತಾ ಕುಳಿತವಳು ಎದ್ದು ಓಡಿದೆ. ವರಾಂಡದಲ್ಲಿ ಓಡುವ ಹುಡುಗಿಯರನ್ನು ಜೀವಮಾನವಿಡೀ ಗದರಿಸಿದ ನಾನು, ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ! ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ, ಕ್ಯಾಪ್ಸೂಲಿನ ಹೆಸರನ್ನೂ ಹೇಳಿದೆ. ಅವರು ಬೈಯಲಿಲ್ಲ.

"ಪದೇ ಪದೇ ಕೊಟ್ರೆ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾನೇ ಉಳ್ಕೊಂಡು ಬೆಳೀತವೆ. ಇದರಿಂದಾನೇ ಆಯ್ತು ಅಂತ ಹೇಳಕ್ಕಾಗಲ್ಲ. ಆದ್ರೆ ನಿನ್ನೆನೇ ಹೇಳಿದ್ರೆ ನಿನ್ನೆನೇ ಬೇರೆ ಔಷಧಿ ಹಾಕ್ತಿದ್ದೆ ಅಮ್ಮ."

ನಿಂತ ಕಾಲಮೇಲೆ ಔಷಧಿ ಬದಲಿಸಿದರು. ಕಫದ ಪರೀಕ್ಷೆಯ ವರದಿ ಆಮೇಲೆ ಬಂತು: ನಾನು ಬೆರೆಸುತ್ತಿದ್ದ ಔಷಧಿಗೆ ನಿನ್ನೆದೆಯ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ, ಹೊಸದಕ್ಕೆ ಬಗ್ಗುತ್ತದೆ. ಬಗ್ಗಿತು! ಜ್ವರ ಬಿಟ್ಟ ಬೆಳಿಗ್ಗೆ ನೀನು ಕಣ್ಣು ತೆರೆದು, "ಗಂಟಿ ಹೊಡದಿಯೇನಲೇ ವಾರ್ಡನ್ನು?" ಎಂದಾಗ ಪಕ್ಕದಲ್ಲಿದ್ದ ನರ್ಸನ್ನು ಅಪ್ಪಿಕೊಂಡುಬಿಟ್ಟೆ.

ಆದರೆ ನಿನಗೆ ಹೇಳಲಿಲ್ಲ. ಮನೆ ಸಜ್ಜು ಮಾಡುವ ನೆಪ ಹೇಳಿ ನಿನ್ನೆಯೇ ಊರಿಗೆ ಬಂದೆ. ನೀನು ಆಗಲೇ ಪಕ್ಕದ ಮಂಚದ ಹೆಂಗಸಿಗೆ ನಿನ್ನ ಕಷಾಯದ ಗುಟ್ಟು ಹೇಳಿಕೊಟ್ಟಿದ್ದೀಯಂತೆ. ನಮ್ಮ ಓಣಿಯಲ್ಲೂ ಅರ್ಧ ಮನೆಗಳಿಗೆ ಅದು ಗೊತ್ತು. ಅದನ್ನೇ ನಂಬಿ ಯಾರಾದರೂ ಉಸಿರು ಕಟ್ಟಿದ ಕೂಸನ್ನು ಮನೆಯಲ್ಲೇ ಮಲಗಿಸಿಕೊಂಡರೆ — ಇಲ್ಲ, ಆ ಮನೆಗಳಿಗೂ ನಾನೇ ಹೋಗಿ ಹೇಳಬೇಕು. ಮೊದಲು ನಿನಗೆ.

ಅರಿಶಿನದ ಡಬ್ಬಿಯ ಹಿಂದೆ ಈಗ ಏನೂ ಇಲ್ಲ. ಒಲೆಯ ಮೇಲೆ ಕಷಾಯ ಕುದಿಯುತ್ತಿದೆ: ಶುಂಠಿ, ಮೆಣಸು, ಬೆಲ್ಲ. ರುಚಿ ನೋಡಿದೆ, ಖಾರ ಇದೆ, ಸಿಹಿ ಇದೆ. ಒಂದು ಗುಟುಕು ಕುಡಿದರೆ ಸಾಕು, "ಕಹಿ ಎಲ್ಲಿ ಹೋತಲೇ?" ಎಂದು ನೀನು ಕೇಳಿಯೇ ಕೇಳುತ್ತೀಯ. ಅಲ್ಲಿಯವರೆಗೆ ಕಾಯುವುದಿಲ್ಲ. ಲೋಟ ನಿನ್ನ ಕೈಗೆ ಕೊಡುವ ಮೊದಲೇ ಹೇಳುತ್ತೇನೆ.

ಆಮೇಲೆ ನನ್ನ ಕೈಯಿಂದ ಆ ಲೋಟ ತೆಗೆದುಕೊಳ್ಳುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು.