ಸದ್ದು ಮಾಡಬಾರದ ಬೋಗಿ

ಎಲ್ಲಿಗಾದರೂ ಹೊರಡುವ ಮುಂಚೆ ನಾಲ್ಕು ಜನರನ್ನು ಕೇಳುವುದು ನನ್ನ ಚಾಳಿ. ಸ್ಟಾಕ್‌ಹೋಮ್‌ನಿಂದ ಉತ್ತರದ ಉಮೆಯೊಗೆ ರೈಲಿನಲ್ಲಿ ಹೋಗುತ್ತೇನೆಂದಾಗ ಸೋಲ್ನಾದ ನಮ್ಮ ಆಫೀಸಿನವರೆಲ್ಲ ಒಂದೇ ಮಾತು ಹೇಳಿದರು: ಬಲಗಡೆ ಕೂತುಕೊಳ್ಳಿ, ಕಡಲು ಕಾಣುತ್ತದೆ. ಕೆರೆಗಳು ಕಾಣುತ್ತವೆ, ಕೆಂಪು ಬಣ್ಣದ ಮರದ ಮನೆಗಳು ಕಾಣುತ್ತವೆ, ಅದೃಷ್ಟವಿದ್ದರೆ ಹೋರಿಯಷ್ಟು ದೊಡ್ಡ ಜಿಂಕೆಯೂ ಕಾಣುತ್ತದೆ. ಹೀಗೆ ಕಿಟಕಿಯ ಹೊರಗಿನದನ್ನೆಲ್ಲ ಹೇಳಿದರು. ಒಳಗೆ ಕೂತವರು ಹೇಗಿರಬೇಕೆಂದು ಮಾತ್ರ ಒಬ್ಬರೂ ಹೇಳಲಿಲ್ಲ.

ನನಗೆ ಕಡಲಿಗಿಂತ ಮಗಳದೇ ಚಿಂತೆ. ಅನಘಾ ಇಲ್ಲೇ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಸ್ವೀಡಿಷಿಗೆ ಹೋಗುತ್ತಾಳೆ. ಮನೆಯ ಹತ್ತಿರವೇ ಓದಲು ಸೀಟು ಸಿಕ್ಕಿದ್ದರೂ ಅವಳು ಆರಿಸಿಕೊಂಡದ್ದು ಉಮೆಯೊದ ವಿಶ್ವವಿದ್ಯಾಲಯವನ್ನು. ‘ಹೋಗು, ನಿನ್ನಿಷ್ಟ’ ಎಂದೆ. ನಮ್ಮಲ್ಲಿ ತಾಯಂದಿರು ಈ ಮಾತನ್ನು ಯಾವ ಮುಖ ಮಾಡಿಕೊಂಡು ಹೇಳುತ್ತಾರೆಂದು ನಿಮಗೆ ಗೊತ್ತೇ ಇದೆ. ಆಮೇಲೆ ಬೇಸಿಗೆಯುದ್ದಕ್ಕೂ ನಮ್ಮ ನಡುವೆ ನಡೆದದ್ದು ‘ಊಟ ಆಯ್ತಾ’, ‘ಆಯ್ತು’ ಅಷ್ಟೇ. ನಮ್ಮ ಮೇಲಿನ ಮುನಿಸಿಗೇ ಅಷ್ಟು ದೂರ ಹೋಗುತ್ತಿದ್ದಾಳೆಯೇ? ಅವಳನ್ನು ಬಿಟ್ಟು ಬರುವ ಮುಂಚೆ ಇದೊಂದನ್ನು ಕೇಳಲೇಬೇಕಿತ್ತು. ಅದಕ್ಕೇ ವಿಮಾನ ಬೇಡವೆಂದು ಹಟ ಹಿಡಿದು ರೈಲು ಹತ್ತಿಸಿದೆ.

ನಮ್ಮ ಕಡೆ ರೈಲೆಂದರೆ ಮಾತು. ಗಾಡಿ ಅರಸೀಕೆರೆ ದಾಟುವಷ್ಟರಲ್ಲಿ ಎದುರು ಸೀಟಿನವರ ಮಂಡಿನೋವು, ಅವರ ಬೀಗರ ಸ್ವಭಾವ, ಮಗಳ ಜಾತಕ ಎಲ್ಲ ನಮಗೆ ಬಾಯಿಪಾಠ. ದಾವಣಗೆರೆ ಬರುವ ಹೊತ್ತಿಗೆ ಮನೆಯವರಿಗೂ ಹೇಳದ್ದನ್ನು ನಾವು ಅವರಿಗೆ ಹೇಳಿರುತ್ತೇವೆ. ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಕಿಟಕಿ ನೋಡುತ್ತ ಹೇಳಿಬಿಡಬಹುದು. ಕಷ್ಟದ ಮಾತಿಗೆ ಇಷ್ಟು ಅನುಕೂಲ ಬೇರೆಲ್ಲಿದೆ?

ಟಿಕೆಟ್ ಮಾಡಿಸುವಾಗ ‘ನಿಶ್ಶಬ್ದದ ಬೋಗಿ’ ಎಂಬ ಆಯ್ಕೆ ಕಂಡಿತು. ಒತ್ತಿಬಿಟ್ಟೆ. ಗಲಾಟೆಯಿಲ್ಲದ ಜಾಗ, ತಾಯಿ ಮಗಳು ನೆಮ್ಮದಿಯಾಗಿ ಮಾತಾಡಬಹುದು! ಇಷ್ಟು ವರ್ಷ ಈ ದೇಶದಲ್ಲಿದ್ದೂ, ನಿಶ್ಶಬ್ದವೆಂದರೆ ಉಳಿದವರೆಲ್ಲ ಸೇರಿ ನನಗೆ ಮಾಡಿಕೊಡುವ ಸೌಕರ್ಯವೆಂದೇ ತಿಳಿದಿದ್ದೆ.

ಗಾಡಿ ಹೊರಟಿತು. ‘ಅನು, ಒಂದು ವಿಷ್ಯ ಕೇಳ್ಬೇಕಿತ್ತು…’ ಎಂದೆ. ಎದುರಿನ ಹೆಂಗಸು ಪುಸ್ತಕದಿಂದ ತಲೆಯೆತ್ತಿ ಗೋಡೆಯ ಮೇಲಿನ ಫಲಕವನ್ನು ನೋಡಿದರು, ನನ್ನನ್ನಲ್ಲ. ಇಲ್ಲಿಯವರು ಬೈಯುವುದು ಹಾಗೆ. ಫಲಕದಲ್ಲಿ ತುಟಿಯ ಮೇಲೆ ಬೆರಳಿಟ್ಟ ಮುಖವೊಂದಿತ್ತು.

‘ಅಮ್ಮಾ, ಇದು ಸೈಲೆಂಟ್ ಕೋಚ್. ಮಾತಾಡೋ ಹಾಗಿಲ್ಲ’ ಎಂದು ಅನಘಾ ಪಿಸುಗುಟ್ಟಿದಳು.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಗಾದೆ ಮಾಡಿದ್ದಾರೆ. ಮಾತೇ ಆಡಗೊಡದಿದ್ದರೆ ಏನು ಗತಿಯೆಂದು ಅವರು ಯೋಚಿಸಿಲ್ಲ. ಪಾಪ, ಅವರಿಗೆ ಇಂಥ ಬೋಗಿಯ ಕಲ್ಪನೆಯಾದರೂ ಎಲ್ಲಿಂದ ಬರಬೇಕು? ಮಧ್ಯಾಹ್ನ ಕಳ್ಳರ ಹಾಗೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಸದ್ದನ್ನೇನೋ ಅಂಗೈಯಲ್ಲಿ ಅದುಮಿಕೊಂಡೆ, ಪುಳಿಯೋಗರೆಯ ವಾಸನೆಯನ್ನು ಅದುಮುವುದು ಹೇಗೆ? ಅದು ಬೋಗಿಯ ಕೊನೆಯ ಸೀಟಿನವರೆಗೂ ಹೋಗಿ ನಮ್ಮ ವಿಚಾರ ಹೇಳಿ ಬಂತು.

ಇನ್ನು ಆ ಪ್ರಸಿದ್ಧ ದೃಶ್ಯಗಳು. ನಿಜ ಹೇಳಬೇಕೆಂದರೆ ಮೊದಲು ಬಹಳ ಹೊತ್ತು ಕಾಡು, ಆಮೇಲೆ ಒಂದು ಕೆರೆ, ಆಮೇಲೆ ಮತ್ತೆ ಕಾಡು. ಆದರೆ ಗುಡ್ಡಗಳ ನಡುವೆ ಕಡಲು ಒಳಗೆ ಬಂದು ಮಲಗಿದ ಜಾಗವೊಂದಿದೆ. ಅಲ್ಲಿ ನನ್ನ ಸಂಕಟ ಸಹ ಒಂದು ಗಳಿಗೆ ಮರೆತುಹೋಯಿತು. ಅಲ್ಲಿಂದಾಚೆ ಸುರಂಗದ ಮೇಲೆ ಸುರಂಗ. ಸುರಂಗ ಹೊಕ್ಕಾಗಲೆಲ್ಲ ಕಿಟಕಿ ಕನ್ನಡಿಯಾಗುತ್ತದೆ. ಅದರಲ್ಲಿ ನೋಡಿದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಕೂಡಿದ್ದೇ ಫೋನಿಗೆ ತಲೆ ತಗ್ಗಿಸಿದಳು.

ಇನ್ನು ತಡೆಯಲಾಗಲಿಲ್ಲ. ಕಾಫಿಯೆಂದು ಸನ್ನೆ ಮಾಡಿ ಅವಳನ್ನು ಕ್ಯಾಂಟೀನ್ ಬೋಗಿಗೆ ಎಳೆದುಕೊಂಡು ಹೋದೆ. ಅಲ್ಲಿ ಮಾತಾಡಬಹುದು. ಆದರೆ ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕಾಫಿ ಆರಿತು. ಕೊನೆಗೆ ಒಮ್ಮೆಲೇ ಕೇಳಿಬಿಟ್ಟೆ:

‘ನಮ್ಮ ಮೇಲೆ ಬೇಜಾರಾಗಿ ಇಷ್ಟು ದೂರ ಹೋಗ್ತಿದ್ದೀಯೇನೇ?’

‘ನೋ ಅಮ್ಮಾ!’ ಎಂದಳು. ‘ಆ ಕೋರ್ಸ್ ಅಲ್ಲೇ ಚೆನ್ನಾಗಿರೋದು, ಅಷ್ಟೇ.’ ಕಾಫಿ ಲೋಟ ತಿರುಗಿಸುತ್ತ, ‘ಅದು ಸೈಲೆಂಟ್ ಕೋಚ್ ಅಂತ ಟಿಕೆಟ್ ಬಂದ ದಿನಾನೇ ನೋಡಿದ್ದೆ. ಆ್ಯಪಲ್ಲಿ ಚೇಂಜ್ ಮಾಡ್ಬಹುದಿತ್ತು. ಬೇಕಂತಲೇ ಮಾಡ್ಲಿಲ್ಲ’ ಎಂದಳು.

‘ಯಾಕೆ?’

‘ನೀನು ಮಾತಾಡಿದ್ರೆ ನಾನು ಅಳ್ತಿದ್ದೆ. ನಾನು ಅತ್ರೆ ನೀನು “ಬಾ, ವಾಪಸ್ ಹೋಗೋಣ” ಅಂತಿದ್ದೆ. ನಾನು ಬಂದೂಬಿಡ್ತಿದ್ದೆ.’

ನನಗೆ ಅಳು ತಡೆಯಲಾಗಲಿಲ್ಲ, ಅವಳಿಗೂ. ಕ್ಯಾಂಟೀನಿನ ಹುಡುಗಿ ಏನೂ ಕೇಳದೆ ಪೇಪರ್ ಕರ್ಚೀಫುಗಳ ಕಟ್ಟೊಂದನ್ನು ನಮ್ಮ ಕಡೆ ಸರಿಸಿ, ಬೆನ್ನು ತಿರುಗಿಸಿ ಲೋಟ ಒರೆಸತೊಡಗಿದಳು. ‘ಬಾ, ವಾಪಸ್ ಹೋಗೋಣ’ ಎಂಬ ಮಾತು ಆಗಲೂ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಹಿಂತಿರುಗಿ ನಮ್ಮ ಸೀಟಿನಲ್ಲಿ ಕೂತೆವು. ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು, ಉಮೆಯೊ ಬರುವವರೆಗೆ ನಾನು ಅಲ್ಲಾಡಲಿಲ್ಲ.

ಮರುಪ್ರಯಾಣಕ್ಕೆ ಒಬ್ಬಳೇ. ಬುದ್ಧಿ ಕಲಿತವಳಂತೆ ಮಾಮೂಲಿ ಬೋಗಿಯ ಟಿಕೆಟ್ ತೆಗೆದುಕೊಂಡಿದ್ದೆ. ಅಲ್ಲಿ ಮಾತಿಗೆ ಪೂರ್ಣ ಸ್ವಾತಂತ್ರ್ಯ. ಆದರೆ ಇದು ಸ್ವೀಡನ್, ಅಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ಗಾಡಿ ಬಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ, ಫೋನು ಬಂತು.

‘ಏನಾಯ್ತೇ?’ ಎಂದೆ ಗಾಬರಿಯಾಗಿ.

‘ಏನಿಲ್ಲಮ್ಮ. ಈಗ ಮಾತಾಡು’ ಎಂದಳು.

ಮಾತಾಡಿದೆ. ಇಡೀ ಬೋಗಿ ಬಹಳ ಹೊತ್ತು ಕನ್ನಡ ಕೇಳಿಸಿಕೊಂಡಿತು.