ಜಗದೇವಪ್ಪನವರ ಕಾರಿಗೆ ಹೊರಗಿನ ಗಾಳಿ

ಶಹಾಪುರದಲ್ಲಿ ಕಾರಿನ ಎಸಿ ಕೆಟ್ಟವರಿಗೆ ಎರಡು ಸಲ ಬೆವರು ಬರುತ್ತದೆ. ಮೊದಲು ಕಾರಿನೊಳಗೆ, ಆಮೇಲೆ ಫಕ್ರುದ್ದೀನನ ಗ್ಯಾರೇಜಿನಲ್ಲಿ, ಅದನ್ನು ದುರಸ್ತಿ ಮಾಡುವವಳು ಹೆಣ್ಣುಮಗಳು ಎಂದು ಗೊತ್ತಾದಾಗ.

ಅವಳ ಹೆಸರು ಪಂಚಶೀಲಾ. ಕೊಂಕಲ್ಲಿನ ಕೂಲಿಕಾರ ಭೀಮರಾಯನ ಮಗಳು, ವಯಸ್ಸು ಇಪ್ಪತ್ತಾರು. ಯಾದಗಿರಿಯಲ್ಲಿ ಐಟಿಐ ಸೇರುವಾಗ ಊರಿನ ಹಿತೈಷಿಗಳೆಲ್ಲ ಹೊಲಿಗೆ ಕಲಿಯಲು ಹೇಳಿದ್ದರು. ಹೊಲಿಗೆ ಹೆಣ್ಣಿಗೆ ಎಷ್ಟು ಅನುಕೂಲ ಎಂದು ಗಂಟೆಗಟ್ಟಲೆ ವಿವರಿಸಿದ ಆ ಗಂಡಸರಲ್ಲಿ ಒಬ್ಬರಿಗೂ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಅವಳು ಫ್ರಿಜ್-ಎಸಿ ರಿಪೇರಿ ಕಲಿತಳು. ಕಲಿತ ಮೇಲೆ ಮೂರು ಗ್ಯಾರೇಜುಗಳಲ್ಲಿ ಕೆಲಸ ಕೇಳಿದಳು. ಒಂದರಲ್ಲಿ, ನಿನ್ನ ದನಿ ಚೆನ್ನಾಗಿದೆ, ಫೋನ್ ಎತ್ತುವ ಕೆಲಸ ಕೊಡುತ್ತೇವೆ ಎಂದರು. ಫಕ್ರುದ್ದೀನ ಅವಳನ್ನು ಸೇರಿಸಿಕೊಂಡದ್ದೂ ಸಮಾಜ ಸುಧಾರಣೆಗಲ್ಲ. ಅವನ ದಪ್ಪ ಕೈ ಡ್ಯಾಶ್‌ಬೋರ್ಡಿನ ಹಿಂದೆ ತೂರುತ್ತಿರಲಿಲ್ಲ, ಅವಳದು ತೂರುತ್ತಿತ್ತು.

ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಾಲೀಕ ಜಗದೇವಪ್ಪನವರು ಅಲ್ಲಿಗೆ ಬಂದದ್ದು ಎರಡು ಬೇಸಿಗೆಯ ಹಿಂದೆ. ಅವರ ಕಾರು ಒಂದು ಕೋಣೆಯಷ್ಟಿತ್ತು. ಕೊಂಡು ನಾಲ್ಕು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಆ ಕಾರಿನಲ್ಲಿ ಕೂತವರಿಗೆಲ್ಲ ನಿದ್ದೆ ಬರುತ್ತಿತ್ತು. ಇದು ದೊಡ್ಡ ಕಾರಿನ ಸುಖ ಎಂದು ಜಗದೇವಪ್ಪನವರು ಬೀಗರ ಮುಂದೆ ಹೆಮ್ಮೆಪಡುತ್ತಿದ್ದರು. ಒಮ್ಮೆ ಸುರಪುರಕ್ಕೆ ಮದುವೆಗೆ ಹೊರಟಾಗ ಏಳು ಜನ ತುಂಬಿದ್ದರು. ಕೆಂಭಾವಿಯ ಬೀಗರು ಮೊದಲು ಮಲಗಿದರು, ಆಮೇಲೆ ಹೆಂಡತಿ ಗೊಲ್ಲಾಳಮ್ಮ, ಕಡೆಗೆ ಸ್ಟೇರಿಂಗ್ ಹಿಡಿದ ಜಗದೇವಪ್ಪನವರು. ಕಾರು ಒಬ್ಬರನ್ನೂ ಎಬ್ಬಿಸದೆ ರಸ್ತೆ ಬಿಟ್ಟು ಭತ್ತದ ಗದ್ದೆಗೆ ಇಳಿಯಿತು. ಕೆಸರು ಮೆತ್ತಗಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಮನೆಯ ಹಿರಿಯರು ಕೂಡಿ ಕಾರಿಗೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದರು. ಕುಂಬಳಕಾಯಿ ಒಡೆದರು, ಲಿಂಬೆಹಣ್ಣು ಕಟ್ಟಿದರು. ನಿದ್ದೆ ಮಾತ್ರ ಬರುತ್ತಲೇ ಇತ್ತು.

ಆದರೆ ಅವರನ್ನು ಗ್ಯಾರೇಜಿಗೆ ತಂದದ್ದು ಗದ್ದೆಯಲ್ಲ. ಎಸಿ ತಂಪು ಕೊಡುವುದನ್ನು ನಿಲ್ಲಿಸಿತ್ತು. ಜೀವ ಹೋಗುವ ಸಂಗತಿಗೆ ಲಿಂಬೆಹಣ್ಣು ಸಾಕು, ಬೆವರಿಗೆ ಮೆಕ್ಯಾನಿಕ್ಕೇ ಬೇಕು.

ಪಂಚಶೀಲಾ ಬಾನೆಟ್ ಎತ್ತುತ್ತಿದ್ದುದನ್ನು ನೋಡಿ ಅವರು ಫಕ್ರುದ್ದೀನನ ಕಡೆ ತಿರುಗಿದರು.

"ಗಂಡಸರು ಯಾರೂ ಇಲ್ಲೇನು?"

"ನಾ ಅದೀನಲ್ರಿ ಸಾವ್ಕಾರ್ರ. ಆದ್ರ ನನಗ ಎಸಿ ಬರಂಗಿಲ್ಲ," ಎಂದ ಫಕ್ರುದ್ದೀನ.

ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರ ಪೈಕಿ ನೀ?"

"ಕೊಂಕಲ್ ಭೀಮರಾಯನ ಮಗಳ್ರಿ."

"ಅಂದ್ರ?"

"ಅಂದ್ರ ಎಸಿ ಮೆಕ್ಯಾನಿಕ್ರಿ."

ಅವರಿಗೆ ಬೇಕಾಗಿದ್ದ ಉತ್ತರ ಇದಲ್ಲ. ಆದರೆ ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲಿತ್ತು. ಅಷ್ಟು ಬಿಸಿಲಲ್ಲಿ ಕುಲ ವಿಚಾರಿಸುವುದಕ್ಕೂ ತ್ರಾಣ ಬೇಕು.

ಅವಳು ಒಳಗೆ ಬಗ್ಗಿ ಒಂದು ಗುಂಡಿ ತೋರಿಸಿದಳು. ಅದರ ಮೇಲೆ ಪುಟ್ಟ ಕಾರು, ಕಾರಿನೊಳಗೆ ತಿರುಗುವ ಬಾಣ. "ಇದನ್ನ ಯಾವಾಗ ಒತ್ತೀರಿ?"

"ಕಾರು ತಂದ ದಿನ."

"ಮತ್ತ ಯಾವಾಗ ತೆಗದ್ರಿ?"

"ಯಾಕ ತೆಗೀಬೇಕು? ಹೊರಗಿನ ಗಾಳಿ ಒಳಗ ಬರಬಾರದಂತ ಒತ್ತೀನಿ. ದಾರ್ಯಾಗ ಎಂತೆಂಥಾ ಓಣಿ ಬರ್ತಾವ. ಕಂಡಕಂಡವರ ಗಾಳಿ ನಮಗ್ಯಾಕ?"

ಆ ಓಣಿಗಳಲ್ಲಿ ಒಂದರಲ್ಲಿ ಪಂಚಶೀಲಾ ಬಾಡಿಗೆಗಿದ್ದಳು. ಮಾತು ಎದೆಗೆ ನಾಟಿತು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತ ಹೇಳಿದಳು: "ಹಂಗಾರ ನಾಕು ವರ್ಷದಿಂದ ಒಬ್ರು ಬಿಟ್ಟ ಉಸಿರು ಇನ್ನೊಬ್ರು ಕುಡ್ಯಾಕತ್ತೀರಿ. ಗಾಳಿ ಹಳಸಿದ್ರ ನಿದ್ದಿ ಬರ್ತದ್ರಿ. ಅದು ಸುಖ ಅಲ್ಲ."

ಡ್ಯಾಶ್‌ಬೋರ್ಡಿನ ಗ್ಲವ್‌ಬಾಕ್ಸ್ ಬಿಚ್ಚಿ, ಅದರ ಹಿಂದೆ ಕೈ ತೂರಿಸಿ ಗಾಳಿ ಸೋಸುವ ಫಿಲ್ಟರನ್ನು ಎಳೆದಳು. ಅದು ಫಿಲ್ಟರಿನಂತಿರಲಿಲ್ಲ, ಸಣ್ಣ ದಿಂಬಿನಂತಿತ್ತು. ಜಿನ್ನಿನಿಂದ ಜಗದೇವಪ್ಪನವರ ಬಟ್ಟೆಗೆ ಅಂಟಿಕೊಂಡು ಬಂದ ಅರಳೆ ಕಾರಿನೊಳಗೇ ಸುತ್ತಿ ಸುತ್ತಿ ಅಲ್ಲಿ ಮೆತ್ತಿತ್ತು. ಫ್ಯಾನು ಎಷ್ಟು ಬಡಿದುಕೊಂಡರೂ ಎಸಿಯ ತಂಪು ಮಾಡುವ ಸುರುಳಿಯ ಮೇಲೆ ಹಾಯಲು ಗಾಳಿಯೇ ಸಿಗುತ್ತಿರಲಿಲ್ಲ. ಆಮೇಲೆ ಮುಂದಿನ ಗಾಜಿನ ಬುಡದ ಜಾಲರಿ ತೆಗೆದಳು. ಹೊರಗಿನ ಗಾಳಿ ಒಳಗೆ ಹೋಗುವ ಬಾಯಿ ಅದು. ಅದರ ತುಂಬ ಬೇವಿನ ಎಲೆ.

"ನಮ್ಮ ಅಂಗಳದ ಬೇವು," ಎಂದರು ಜಗದೇವಪ್ಪನವರು, ಗುರುತು ಹಿಡಿದ ಸಂತೋಷದಲ್ಲಿ.

"ಹೌದ್ರಿ. ಕಂಡಕಂಡವರದಲ್ಲ."

ಫಕ್ರುದ್ದೀನ ಅತ್ತ ತಿರುಗಿ ಕೆಮ್ಮಿದ.

ಎಲೆ ತೆಗೆದು ಹೊಸ ಫಿಲ್ಟರ್ ಕೂರಿಸಿದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಒಂದು ಸುತ್ತು ಹೋಗಿ ನೋಡೋಣ ಎಂದಳು. ಗಂಡನ ಜೊತೆ ಬಂದು ಗ್ಯಾರೇಜಿನ ನೆರಳಲ್ಲಿ ಕೂತಿದ್ದ ಗೊಲ್ಲಾಳಮ್ಮ ತಮ್ಮ ಮುಂದಿನ ಸೀಟು ಬಿಟ್ಟು ಹಿಂದೆ ಹತ್ತಿದರು. "ಬಾ ತಂಗಿ, ಮುಂದ ಕೂಡು. ಗುಂಡಿ ನಿನಗ ಗೊತ್ತದಾವ." ಜಗದೇವಪ್ಪನವರು ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಗೇರ್ ಹಾಕಿದರು. ಹತ್ತಿರದ ಭೀಮರಾಯನಗುಡಿ ಊರಿನ ದಾರಿಯಲ್ಲಿ ಅವಳು ಆ ಗುಂಡಿ ತೆಗೆದು ಹೊರಗಿನ ಗಾಳಿ ಒಳಗೆ ಬಿಟ್ಟಳು. ತಂಪಾಗಲು ಮೊದಲ ಹತ್ತು ನಿಮಿಷ ಅದನ್ನು ಒತ್ತಿರಿ, ಮುಂದೆ ಧೂಳು ಎಬ್ಬಿಸುವ ಲಾರಿ ಇದ್ದರೂ ಒತ್ತಿರಿ, ಉಳಿದ ಹೊತ್ತು ತೆಗೆಯಿರಿ ಎಂದು ಹೇಳಿಕೊಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಆ ಕಾರಿನೊಳಗೆ ನೀರು ಹಾಯಿಸಿದ ಮಣ್ಣಿನ ವಾಸನೆ ಬಂತು. ಗೊಲ್ಲಾಳಮ್ಮ ದಾರಿಯುದ್ದಕ್ಕೂ ಎಚ್ಚರವಿದ್ದರು. ಎಚ್ಚರವಿದ್ದುದರಿಂದ ಗಂಡನ ಗಾಡಿ ಓಡಿಸುವ ರೀತಿಯ ಬಗ್ಗೆ ಹೇಳುವುದೂ ಬಹಳವಿತ್ತು.

ಒಂದು ವಾರದಲ್ಲಿ ಜಗದೇವಪ್ಪನವರು ಶಹಾಪುರದ ಗಾಳಿತಜ್ಞರಾದರು. ಕಾರಿನೊಳಗೆ ಉಸಿರು ಹಳಸುವುದನ್ನು ತಾವೇ ಪತ್ತೆ ಹಚ್ಚಿದ್ದಾಗಿ ಜಿನ್ನಿಗೆ ಬಂದವರಿಗೆಲ್ಲ ಹೇಳಿದರು. ಇದು ಪಂಚಶೀಲಾಳ ಕಿವಿಗೂ ಬಿತ್ತು. ಸಿಟ್ಟು ಬಂತು, ಆದರೆ ಸಿಟ್ಟು ಮಾಡಲು ಬಿಡುವಿರಲಿಲ್ಲ. ಗೊಲ್ಲಾಳಮ್ಮ ತಮ್ಮ ತವರಿನವರ ಕಾರುಗಳನ್ನೆಲ್ಲ ಅವಳ ಹತ್ತಿರ ಕಳಿಸತೊಡಗಿದ್ದರು.

ಆ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವಳ ಫೋನ್ ರಿಂಗಾಯಿತು. ಜಗದೇವಪ್ಪನವರು ಯಾದಗಿರಿಯ ದಾರಿಯಲ್ಲಿ ಜೋರು ಮಳೆಗೆ ಸಿಕ್ಕಿದ್ದರು.

"ಗಾಜಿಗೆ ಒಳಗಿಂದ ಮಬ್ಬು ಹಿಡದದ. ಒರಸಿದಷ್ಟೂ ಬರ್ತದ. ಮುಂದ ಏನೂ ಕಾಣವಲ್ದು."

"ಮೊದಲ ಬದಿಗಿ ನಿಲ್ಸ್ರಿ. ಎಸಿ ಹಚ್ರಿ. ಗಾಳಿ ಗಾಜಿನ ಕಡಿ ತಿರಗಿಸ್ರಿ. ಹೊರಗಿನ ಗಾಳಿ ಬಿಡ್ರಿ."

"ಮಳ್ಯಾಗ ಎಸಿ ಹಚ್ಚಂತಿ? ತಲಿ ನೆಟ್ಟಗದ ಇಲ್ಲ?"

"ಎಸಿ ಬರೇ ತಂಪು ಮಾಡಂಗಿಲ್ರಿ, ಗಾಳ್ಯಾಗಿನ ಪಸಿ ಹೀರ್ತದ. ಒಣ ಗಾಳಿ ಬಡದ್ರ ಮಬ್ಬು ಹೋಗ್ತದ. ಚಳಿ ಆದ್ರ ಬಿಸಿ ಗಾಳಿ ಗುಂಡೀನೂ ತಿರುವ್ರಿ. ಎರಡೂ ಕೂಡೇ ನಡೀತಾವ."

ಆ ಕಡೆ ಗೊಣಗಾಟ, ಫ್ಯಾನಿನ ಭರ್ರೆನ್ನುವ ಸದ್ದು. ಫೋನ್ ಕಟ್ ಆಯಿತು. ಅವಳು ಸ್ಪ್ಯಾನರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ರಿಂಗಾಯಿತು. ಈ ಸಲ ಗೊಲ್ಲಾಳಮ್ಮನ ದನಿ.

"ಕಾಣಾಕತ್ತೈತಿ ತಂಗಿ, ಗಿಡಗಂಟಿ ಸೈತ ಎಲ್ಲಾ ಕಾಣಾಕತ್ತೈತಿ. ಇವರು ಬಾಯಿಬಿಟ್ಟು ಹೇಳಂಗಿಲ್ಲ, ಅದಕ್ಕ ನಾ ಹೇಳಾಕತ್ತೇನಿ."

"ಇರ್ಲಿ ಬಿಡ್ರಿ ಅವ್ವಾರ. ಸಾವಕಾಶ ಹೋಗ್ರಿ," ಎಂದು ಪಂಚಶೀಲಾ ಫೋನನ್ನು ಜೇಬಿಗೆ ಹಾಕಿ, ಬಿಚ್ಚಿಟ್ಟಿದ್ದ ಇನ್ನೊಂದು ಕಾರಿನೊಳಗೆ ಬಗ್ಗಿದಳು.