ಫೋನ್ ಮಾಡಲು ಒಪ್ಪಿಗೆ ಬೇಕಂತೆ

ನಾರ್ತ್ ಸಿಡ್ನಿಯಲ್ಲಿ ಒಂದು ಯುರೋಪಿನ ಸ್ಟಾರ್ಟಪ್‌ಗೆ ಕೆಲಸ ಮಾಡುತ್ತಿದ್ದೆ. ವಯಸ್ಸಾದವರಿಗೆ ಔಷಧಿಯ ಹೊತ್ತು ನೆನಪಿಸುವ ಆ್ಯಪ್ ಅವರದು. ಒಂದು ಸಂಜೆ ನೋಡುತ್ತೇನೆ, ಆ್ಯಪ್‌ನ ತಪ್ಪಿನಿಂದ ಗ್ಲೆನ್ ವೇವರ್ಲಿಯ ಒಬ್ಬ ಮಂಗಳೂರು ಆಂಟಿಗೆ ಆರು ಗಂಟೆಗೆ ಹೊಡೆದ ಇನ್ಸುಲಿನ್ ಅಲಾರಂ ಏಳಕ್ಕೆ ಮತ್ತೆ ಹೊಡೆಯುವುದರಲ್ಲಿದೆ. ಎರಡನೇ ಸಲ ಚುಚ್ಚಿಕೊಂಡರೆ ಜೀವಕ್ಕೇ ಅಪಾಯ. ಉಳಿದದ್ದು ಹತ್ತೇ ನಿಮಿಷ. ಅವರಿಗೆ ಫೋನ್ ಮಾಡಲು ಅನುಮತಿ ಬೇಕೆಂದು ಹೆಡ್ ಆಫೀಸಿಗೆ ವಿಡಿಯೋ ಕಾಲ್ ಮಾಡಿದೆ.

"ಅವರ ನಂಬರ್ ಬಳಸಲು ಅವರ ಒಪ್ಪಿಗೆ ಬೇಕು" ಎಂದಳು ನಿಯಮ ನೋಡಿಕೊಳ್ಳುವಾಕೆ.

"ಒಪ್ಪಿಗೆ ಕೇಳೋಕೂ ಫೋನ್ ಮಾಡಬೇಕಲ್ರೀ!"

"ಅದಕ್ಕೊಂದು ಫಾರ್ಮ್ ಇದೆ. ಐದು ದಿನ ಹಿಡಿಯುತ್ತೆ."

ಪಕ್ಕದಲ್ಲಿದ್ದ ಫೌಂಡರ್ ಎದೆಯ ಮೇಲೆ ಕೈಯಿಟ್ಟು, "ನಾವೆಲ್ಲ ಒಂದೇ ಕುಟುಂಬ. ನಿಮ್ಮ ಉತ್ಸಾಹ ನಮಗೆ ತುಂಬಾ ಇಷ್ಟ" ಎಂದು ನಕ್ಕ.

ಮೈಯೆಲ್ಲ ಉರಿದುಹೋಯಿತು. ಕಾಲ್ ಕಟ್ ಮಾಡಿ ಆಂಟಿಗೇ ಫೋನ್ ಹಚ್ಚಿದೆ.

"ಈಗಷ್ಟೇ ಪುನಃ ಹೊಡೆಯಿತು ಮಾರಾಯ್ರೇ. ಸೂಜಿ ಕೈಯಲ್ಲೇ ಉಂಟು" ಅಂದರು.

"ಚುಚ್ಚಿಕೋಬ್ಯಾಡ್ರಿ ಆಂಟಿ, ಕೆಳಗಿಡ್ರಿ!" ಎಂದು ಕಿರುಚಿದೆ. ಸೂಜಿ ಮೇಜಿನ ಮೇಲಿಟ್ಟ ಸದ್ದು ಕೇಳಿದ ಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು.

ಮರುದಿನ ನನಗೆ ಎಚ್ಚರಿಕೆಯ ಇಮೇಲ್ ಬಂತು. ನಿಯಮ ಮುರಿದದ್ದಕ್ಕೆ ಮೂರು ಗಂಟೆಯ ಕಡ್ಡಾಯ ತರಬೇತಿ. ಹಲ್ಲು ಕಚ್ಚಿಕೊಂಡು ಮುಗಿಸಿದೆ. ತರಬೇತಿಯ ವಿಷಯ, ಗ್ರಾಹಕರ ಕಾಳಜಿ.